ಕಲ್ಲಿನೊಳಗಿನ ಚಿನ್ನಕ್ಕೆ ಎಕ್ಸ್-ರೇ ಲೆಕ್ಕ



ಚಿನ್ನದ ಅಂಗಡಿಗೆ ಹೋಗಿಬಂದವರಿಗೆಲ್ಲ ಆ ಪುಟ್ಟ ಪೆಟ್ಟಿಗೆಯ ಪರಿಚಯ ಉಂಟು. ಹಳೆಯ ಬಳೆಯನ್ನು ಒಳಗಿಟ್ಟು ಮುಚ್ಚಳ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಕ್ಯಾರೆಟ್ ಎಷ್ಟೆಂದು ಮೂಡುತ್ತದೆ. ಒರೆಗಲ್ಲು ಮಾಡುತ್ತಿದ್ದ ಕೆಲಸವನ್ನು ಈಗ ಎಕ್ಸ್-ರೇ ಮಾಡುತ್ತಿದೆ. ಇದೇ ಪೆಟ್ಟಿಗೆಯನ್ನು ಗಣಿಗೆ ಒಯ್ದು ಅದಿರಿನ ಮುಂದೆ ಹಿಡಿದರೆ ಆಗದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಆಗದು. 22 ಕ್ಯಾರೆಟ್ ಬಳೆಯಲ್ಲಿ ಸಾವಿರಕ್ಕೆ 916 ಪಾಲು ಚಿನ್ನ. ಗಣಿಯವರು ಖುಷಿಪಡುವ ಅದಿರಿನಲ್ಲೂ ಟನ್ನಿಗೆ ಕೆಲವೇ ಗ್ರಾಂ. ಅಂಗಡಿಯ ಯಂತ್ರ ಎಬ್ಬಿಸುವ ಚಿನ್ನದ ಕಿರಣಗಳ ಶಕ್ತಿ ಸುಮಾರು 10 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅವು ಕಲ್ಲಿನಲ್ಲಿ ಒಂದು ಮಿಲಿಮೀಟರ್ ದಾಟುವ ಮೊದಲೇ ಬಹುಪಾಲು ಇಂಗಿಹೋಗುತ್ತವೆ. ಸಾಲದ್ದಕ್ಕೆ ಸತು, ಟಂಗ್‌ಸ್ಟನ್, ಆರ್ಸೆನಿಕ್‌ಗಳ ಕಿರಣಗಳೂ ಆ ಶಕ್ತಿಯ ಆಸುಪಾಸಿನಲ್ಲೇ ಗದ್ದಲ ಮಾಡುತ್ತವೆ. ಆರ್ಸೆನಿಕ್ಕಂತೂ ಚಿನ್ನದ ಖಾಯಂ ನೆರೆಮನೆಯವ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಗನ್ನಿನಿಂದ ಆರ್ಸೆನಿಕ್ಕನ್ನು ಹುಡುಕಿ, ಅದರ ಜಾಡಿನಲ್ಲಿ ಚಿನ್ನವನ್ನು ಊಹಿಸಬಹುದು. ಅಳೆದೆವೆಂದು ವರದಿ ಬರೆಯುವಂತಿಲ್ಲ.

ಹಾಗಾಗಿ ಗಣಿ ಲೋಕ ಇಂದಿಗೂ ಫೈರ್ ಅಸ್ಸೇಯನ್ನೇ ನೆಚ್ಚಿದೆ. ಪುಡಿ ಮಾಡಿದ ಕಲ್ಲಿನಿಂದ 30 ಅಥವಾ 50 ಗ್ರಾಂ ತೂಗಿ, ಸೀಸದ ಆಕ್ಸೈಡು, ಸೋಡಾ, ಬೊರಾಕ್ಸ್, ಜೊತೆಗೆ ಒಂದಿಷ್ಟು ಹಿಟ್ಟು ಬೆರೆಸಿ ಸಾವಿರ ಡಿಗ್ರಿ ಮೀರಿದ ಕುಲುಮೆಗೆ ಇಡುತ್ತಾರೆ. ಹೌದು, ಅಡುಗೆಮನೆಯ ಹಿಟ್ಟೇ. ಅದರ ಇಂಗಾಲ ಸೀಸವನ್ನು ಬಿಡಿಸುತ್ತದೆ, ಸೀಸ ಚಿನ್ನವನ್ನು ಬಾಚಿಕೊಂಡು ತಳಕ್ಕಿಳಿಯುತ್ತದೆ. ಆಮೇಲೆ ಆ ಸೀಸವನ್ನು ಕ್ಯುಪೆಲ್ ಎಂಬ ರಂಧ್ರಮಯ ಬಟ್ಟಲು ಹೀರಿಕೊಂಡರೆ ಉಳಿಯುವುದು ಸಾಸಿವೆಗಿಂತ ಚಿಕ್ಕ ಮಣಿ. ವಿಧಾನ ಗಟ್ಟಿಯಾದದ್ದೇ. ಆದರೆ ಕುಲುಮೆಯ ಮುಂದೆ ನಿಂತವರ ಮೈಗೆ ಸೀಸದ ಹೊಗೆ, ಹೊರಗೆ ಸೀಸದ ತ್ಯಾಜ್ಯ. ಅಳೆದ ಪುಡಿ ಮತ್ತೆ ಸಿಗುವುದೂ ಇಲ್ಲ.

ನಿಜವಾದ ತೊಡಕಿರುವುದು ಕುಲುಮೆಯಲ್ಲಲ್ಲ, ಆ 30 ಗ್ರಾಮಿನಲ್ಲಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಚಿನ್ನದ ಅದಿರಿಗೆ ಆ ನ್ಯಾಯ ನಡೆಯುವುದಿಲ್ಲ. ಟನ್ನಿಗೆ 2 ಗ್ರಾಂ ಇರುವ ಅದಿರಿನ 30 ಗ್ರಾಂ ಪುಡಿಯಲ್ಲಿ ಇರಬೇಕಾದ ಚಿನ್ನ 60 ಮೈಕ್ರೋಗ್ರಾಂ. ಅದೆಲ್ಲ ಒಂದೇ ಕಣವಾಗಿದ್ದರೆ ಅದರ ಅಗಲ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟೂ ಇಲ್ಲ. ಚಿನ್ನವೆಲ್ಲ ಅಂಥ ಕಣಗಳಲ್ಲೇ ಇರುವ ಕಲ್ಲಿನಿಂದ 30 ಗ್ರಾಂ ತೆಗೆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಂದು ಕಣವೂ ಸಿಗದೆ ಉತ್ತರ ಸೊನ್ನೆ ಬರುತ್ತದೆ. ಎರಡು ಕಣ ಸಿಕ್ಕ ದಿನ ಅದೇ ಗಣಿ ಎರಡರಷ್ಟು ಶ್ರೀಮಂತ! ಪುಡಿಯನ್ನು 500 ಗ್ರಾಮಿಗೆ ಏರಿಸಿದರೆ ಸರಾಸರಿ ಹದಿನಾರು ಹದಿನೇಳು ಕಣಗಳು ಬರುತ್ತವೆ. ಏರಿಳಿತ ಪೂರ್ತಿ ಹೋಗದು, ಆದರೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಹೊಸ ಎಕ್ಸ್-ರೇ ವಿಧಾನವೊಂದರ ದೊಡ್ಡ ಕೊಡುಗೆ ಇಲ್ಲಿದೆ. ಎಲ್ಲರೂ ಅದರ ವೇಗವನ್ನೇ ಹೊಗಳುತ್ತಾರೆ. ಹೊಗಳಬೇಕಾದದ್ದು ಅದು ಅರ್ಧ ಕಿಲೋ ಕಲ್ಲನ್ನು ಸುಡದೆ, ಕರಗಿಸದೆ ಇಡಿಯಾಗಿ ಅಳೆಯುವುದನ್ನು.

ಇದು ಅಂಗಡಿಯ ಎಕ್ಸ್-ರೇ ಅಲ್ಲ. ಕ್ಯಾನ್ಸರ್ ಆಸ್ಪತ್ರೆಯ ಲಿನಾಕ್ ಯಂತ್ರದ ಸೋದರ ಸಂಬಂಧಿ. ಎಂಟು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಕಿರಣಗಳು ಪ್ಲಾಸ್ಟಿಕ್ ಡಬ್ಬಿಯೊಳಗಿನ ಪುಡಿಗೆ ಬಡಿದಾಗ ಚಿನ್ನದ ಪರಮಾಣುವಿನ ಬೀಜಕೇಂದ್ರವೇ ಕೆರಳುತ್ತದೆ. ಕೆರಳಿದ ಆ ಸ್ಥಿತಿಯ ಅರ್ಧಾಯುಷ್ಯ 7.7 ಸೆಕೆಂಡು. ಶಾಂತವಾಗುತ್ತ ಅದು 279 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣ ಹೊಮ್ಮಿಸುತ್ತದೆ. ಡಬ್ಬಿಯ ನಡುವಿನಿಂದಲೂ ಹೊರಬರುವ ತಾಕತ್ತು ಅದಕ್ಕಿದೆ. ಆದರೆ ಅರ್ಧಾಯುಷ್ಯ ಅಷ್ಟು ಚಿಕ್ಕದಾದ್ದರಿಂದ ಡಬ್ಬಿಯನ್ನು ಕಿರಣದಿಂದ ಡಿಟೆಕ್ಟರಿಗೆ ಒಂದೆರಡು ಸೆಕೆಂಡಿನಲ್ಲೇ ರೋಬೋಟ್ ದಾಟಿಸಬೇಕು. ಎರಡು ಮೂರು ನಿಮಿಷದಲ್ಲಿ ಫಲಿತಾಂಶ ಕೈಗೆ ಬರುತ್ತದೆ. ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೇಕೆಂದಾಗ ಮತ್ತೆ ಅಳೆಯಬಹುದು.

ಕಲ್ಪನೆ ಹೊಸದೇನಲ್ಲ. ಉಜ್ಬೇಕಿಸ್ತಾನದ ಮುರುಂತಾವು ಗಣಿಯಲ್ಲಿ ಸೋವಿಯತ್ ವಿಜ್ಞಾನಿಗಳು 1970ರ ದಶಕದಲ್ಲೇ ಇಂಥ ಪ್ರಯೋಗಾಲಯ ನಡೆಸಿದರು. ದಶಕಗಳ ಬಳಿಕ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಭೌತವಿಜ್ಞಾನಿ ಜೇಮ್ಸ್ ಟಿಕ್ನರ್ ಮತ್ತು ತಂಡ ಅದನ್ನು ಪಳಗಿಸಿತು. 2016ರಲ್ಲಿ ಇದಕ್ಕಾಗಿಯೇ ಕ್ರೈಸೋಸ್ ಕಂಪನಿ ಹುಟ್ಟಿತು, 2018ರಲ್ಲಿ ಪರ್ತ್‌ನಲ್ಲಿ ಅದರ ಫೋಟಾನ್‌ಅಸ್ಸೇ ಯಂತ್ರ ಕೆಲಸ ಶುರುಮಾಡಿತು.

ಕುಲುಮೆಯವರು ಎದೆಗುಂದಬೇಕಿಲ್ಲ. ಯುರೇನಿಯಂ, ಥೋರಿಯಂ ಹೆಚ್ಚಿರುವ ಕಲ್ಲಿನಲ್ಲಿ ಈ ಯಂತ್ರ ತಡವರಿಸುತ್ತದೆ. ತೀರ ಸೂಕ್ಷ್ಮ ಪ್ರಮಾಣಕ್ಕೆ ಹಳೆಯ ವಿಧಾನವೇ ಮೇಲು. ಮೋಸಕ್ಕಂತೂ ಯಾವ ಯಂತ್ರದಲ್ಲೂ ಮದ್ದಿಲ್ಲ. ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಬ್ರೆ-ಎಕ್ಸ್ ಕಂಪನಿಯ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಯಿತು. ಪ್ರಯೋಗಾಲಯ ಸುಳ್ಳು ಹೇಳಿರಲಿಲ್ಲ; ಚೀಲದಲ್ಲಿದ್ದ ಚಿನ್ನವನ್ನೇ ಅಳೆದಿತ್ತು. ಕೊರೆದು ತೆಗೆದ ಕಲ್ಲಿನ ಕಂಬವನ್ನು ಸೀಳಿ ಅರ್ಧ ಉಳಿಸುವುದು ರೂಢಿ. ಅಲ್ಲಿ ಇಡೀ ಕಂಬವನ್ನೇ ಪುಡಿ ಮಾಡಿದ್ದರು. ಮರುಪರೀಕ್ಷೆಗೆ ಉಳಿಸಿದ ಕಲ್ಲು ಎಷ್ಟು ಬೆಲೆಬಾಳುತ್ತದೆಂದು ಹೂಡಿಕೆದಾರರಿಗೆ ತಿಳಿಯುವಷ್ಟರಲ್ಲಿ ಅವರ ಹಣ ಮುಳುಗಿತ್ತು.

ಇನ್ನು ನಮ್ಮ ನೆಲದ ಮಾತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಸೈನೈಡ್ ಗುಡ್ಡಗಳು ಹಾಗೇ ನಿಂತಿವೆ. ನುಣ್ಣಗೆ ಅರೆದು ಚಿನ್ನ ತೆಗೆದು ಬಿಸಾಡಿದ ಆ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಉಳಿದಿದೆ. ಅಲ್ಲಿ ಬೇಕಾದದ್ದು ಅಗ್ಗವಾಗಿ, ಬೇಗ, ಸಾವಿರಾರು ಮಾದರಿ ನೋಡುವ ಉಪಾಯ. ಹಟ್ಟಿ ಚಿನ್ನದ ಗಣಿಯ ಲೆಕ್ಕ ಬೇರೆ: ಬಿಳಿಗಲ್ಲಿನ ಎಳೆಗಳಲ್ಲಿ ಚಿನ್ನ ಕೂತಿರುವ ಅಲ್ಲಿ ದೊಡ್ಡ ಮಾದರಿಯೇ ಮುಖ್ಯ. ವಿಕಿರಣ ಯಂತ್ರವಾದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ದಪ್ಪ ಗೋಡೆಯ ಕೋಣೆ ಬೇಕು, ದಿನವಿಡೀ ದುಡಿಸುವಷ್ಟು ಮಾದರಿಯೂ ಬೇಕು. ಒಂದೇ ಗಣಿಗೆ ಅದು ಭಾರವಾದೀತು. ಹಟ್ಟಿ, ಕೋಲಾರ ಮತ್ತು ಹೊಸ ಅನ್ವೇಷಣೆಯ ತಂಡಗಳು ಸೇರಿ ಒಂದು ಯಂತ್ರ ಹಂಚಿಕೊಳ್ಳಬಹುದೇ ಎಂಬುದನ್ನು ಈ ಸಭೆಯ ಗೋಷ್ಠಿಗಳು ಖರ್ಚುವೆಚ್ಚ ಮುಂದಿಟ್ಟುಕೊಂಡೇ ಚರ್ಚಿಸಲಿ. ಮೊದಲು ಕೆಲವು ನೂರು ಡಬ್ಬಿಗಳನ್ನು ಎಕ್ಸ್-ರೇಯಲ್ಲಿ ಅಳೆದು, ಅವೇ ಡಬ್ಬಿಗಳ ಪುಡಿಯನ್ನು ಕುಲುಮೆಗೂ ಹಾಕಿ, ಎರಡೂ ಅಂಕಿಗಳನ್ನು ಪಕ್ಕಪಕ್ಕ ಪ್ರಕಟಿಸಲಿ.