ಸ್ಕ್ಯಾನ್ ನಾರ್ಮಲ್, ಹುಡುಗ ನಾರ್ಮಲ್ ಇಲ್ಲ

2021ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿದೆಯಾ? ಅಶ್ವಿನ್, ವಿಹಾರಿ ಕಚ್ಚಿಕೊಂಡು ನಿಂತು ಡ್ರಾ ಮಾಡಿಸಿದ್ರಲ್ಲ, ಅದೇ. ಆ ಪಂದ್ಯದಲ್ಲಿ ಆಸ್ಟ್ರೇಲಿಯಾದ 22 ವರ್ಷದ ಹುಡುಗನೊಬ್ಬ ತನ್ನ ಚೊಚ್ಚಲ ಟೆಸ್ಟ್ ಆಡಿ 62 ರನ್ ಹೊಡೆದಿದ್ದ. ವಿಲ್ ಪುಕೋವ್‌ಸ್ಕಿ. ಅದೇ ಅವನ ಕೊನೆಯ ಟೆಸ್ಟ್ ಕೂಡ ಆಯ್ತು. ತಲೆಗೆ ಬಿದ್ದ ಪೆಟ್ಟುಗಳು ಹತ್ತಕ್ಕೂ ಹೆಚ್ಚು. ನಡುವೆ ಮಾನಸಿಕ ಆರೋಗ್ಯದ ಕಾರಣಕ್ಕೂ ಬಿಡುವು ತಗೊಂಡಿದ್ದ. 2025ರಲ್ಲಿ, 27ನೇ ವಯಸ್ಸಿಗೆ, ಕ್ರಿಕೆಟ್ಟೇ ಬಿಟ್ಟ.

ಅವನದು ಅತಿರೇಕದ ಉದಾಹರಣೆ, ಒಪ್ತೀನಿ. ಆದರೆ ಒಂದೇ ಒಂದು ಪೆಟ್ಟು ತಿಂದ ನಮ್ಮನೆ ಮಕ್ಕಳ ಕಥೆ?

ಬಸ್ಸು ದಿಢೀರ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸ್ತೀವಲ್ಲ, ತಲೆಬುರುಡೆಯೊಳಗೆ ಮೆದುಳಿಗೆ ಆಗೋದೂ ಅದೇ. ಇದು ಕನ್ಕಷನ್. ಹೆಲ್ಮೆಟ್ ಬುರುಡೆಯನ್ನು ಕಾಯುತ್ತೆ, ಒಳಗಿನ ಕುಲುಕಾಟವನ್ನು ಪೂರ್ತಿ ತಡೆಯಲ್ಲ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣಲ್ಲ. ರಿಪೋರ್ಟ್ ನಾರ್ಮಲ್ ಅಂದ ಕೂಡಲೇ ಮನೆಯಲ್ಲಿ ಶುರು: 'ಓದೋಕೆ ಕಳ್ಳಾಟ!'

ಅವನಿಗೋ ಓದಿದ್ದು ತಲೆಗೆ ಹತ್ತುತ್ತಿಲ್ಲ, ನಿದ್ದೆ ಬರ್ತಿಲ್ಲ. 'ನನ್ನ ಮೆದುಳು ಹಾಳಾಯ್ತಾ?' ಅನ್ನೋ ಭಯ. ಭಯವಾದರೆ ಎದೆ ಡವಗುಟ್ಟುತ್ತೆ, ತಲೆ ಸುತ್ತುತ್ತೆ. ಪೆಟ್ಟಿಗೂ ತಲೆ ಸುತ್ತುತ್ತೆ. ಯಾವುದು ಯಾವುದರಿಂದ ಅಂತ ಹದಿನೈದರ ಹುಡುಗ ಹೇಗೆ ಹೇಳಬೇಕು? ಎರಡೂ ನಿಜವೇ. ಮೊದಲೇ ಆತಂಕದ ಸ್ವಭಾವ ಇದ್ದವರಿಗಂತೂ ಚೇತರಿಕೆ ನಿಧಾನವಾಗಬಹುದು.

ಇನ್ನು ಕೆಲವರದು ಅತಿ ಅಕ್ಕರೆ. ಕತ್ತಲೆ ಕೋಣೆ, ವಾರಗಟ್ಟಲೆ ಸ್ಕೂಲಿಲ್ಲ, ಗೆಳೆಯರಿಲ್ಲ. ತಪ್ಪು ಅವರದ್ದಲ್ಲ, ಹಿಂದೆ ಡಾಕ್ಟರುಗಳೇ ಹೀಗೆ ಹೇಳ್ತಿದ್ರು. ಈಗ ಹೇಳೋದು ಬೇರೆ: ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಅರ್ಧ ದಿನದ ಸ್ಕೂಲು. ತಲೆನೋವು ತುಸು ಹೆಚ್ಚಾದರೆ ಗಾಬರಿ ಬೇಡ, ಜಾಸ್ತಿಯಾದರೆ ನಿಲ್ಲಿಸಿ, ನಾಳೆ ಮತ್ತೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಿತವಾದ ವ್ಯಾಯಾಮ ಮಾಡಿದ ಹದಿಹರೆಯದವರು ಸುಮಾರು 13 ದಿನಕ್ಕೆ ಸುಧಾರಿಸಿದ್ರು, ಬರೀ ಮೈ ಎಳೆಯೋ ಸ್ಟ್ರೆಚಿಂಗ್ ಮಾಡಿದವರು 17 ದಿನಕ್ಕೆ. ಆದರೆ ತಲೆಗೆ ಮತ್ತೆ ಪೆಟ್ಟಾಗೋ ಆಟ ಮಾತ್ರ ಡಾಕ್ಟರ್ ಹೂಂ ಅನ್ನೋವರೆಗೂ ಬೇಡವೇ ಬೇಡ. ಕೋಚ್ ಎಷ್ಟೇ ಒತ್ತಾಯ ಮಾಡಲಿ!

ಬಹುಪಾಲು ಮಕ್ಕಳು ತಿಂಗಳೊಳಗೆ ಸರಿಹೋಗ್ತಾರೆ. ಇದನ್ನ ಅವರಿಗೆ ಬಾಯಿಬಿಟ್ಟು ಹೇಳಿ. ಅದೂ ಔಷಧಿಯೇ. ತಿಂಗಳು ಕಳೆದರೂ ಭಯ ಹೋಗದಿದ್ದರೆ ಮನೋವೈದ್ಯರ ಹತ್ತಿರ ಹೋಗೋಕೆ ಸಂಕೋಚ ಯಾಕೆ?

ಹಾಂ, ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಫಿಟ್ಸ್, ಏರುತ್ತಲೇ ಹೋಗೋ ತಲೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು, ಇವುಗಳಲ್ಲಿ ಒಂದು ಕಂಡರೂ ನನ್ನ ಮಾತು ಕೇಳ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೊರಡಿ.