ನೆರೆಯವನ ನಿರ್ಭಯವೇ ಮೊಹಲ್ಲಾದ ಕಾವಲು
(ತಂಬ್ರಹಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಶಾಂತಿ ಇರಲಿ.



ಪ್ರವಾದಿ ಇಬ್ರಾಹೀಮ್(ಅ)ರು ಮಕ್ಕಾದ ಬರಡು ಕಣಿವೆಯಲ್ಲಿ ಪ್ರಾರ್ಥಿಸಿದಾಗ ಮೊದಲು ಕೇಳಿದ್ದು ಆ ಊರಿನ ನಿರ್ಭಯವನ್ನು. ಫಲ, ಆಹಾರಗಳನ್ನು ಕೇಳಿದ್ದು ಆಮೇಲೆ. ಕುರೈಶ್ ಅಧ್ಯಾಯದಲ್ಲೂ ಅಲ್ಲಾಹನು ಆ ಜನರಿಗೆ ನೆನಪಿಸುವುದು ಎರಡು ಅನುಗ್ರಹಗಳನ್ನು: ಹಸಿವು ನೀಗಿಸಿದ್ದು, ಭಯ ನೀಗಿಸಿದ್ದು. ಹೊಟ್ಟೆ ತುಂಬಿದ್ದರೂ ಭಯವಿರುವ ಮನೆಯಲ್ಲಿ ನಿದ್ದೆ ಬರುವುದಿಲ್ಲ.

ಹಾಗಾದರೆ ನಮ್ಮ ಮೊಹಲ್ಲಾ ಸುರಕ್ಷಿತವಾಗಿದೆಯೇ ಎಂದು ತಿಳಿಯುವುದು ಹೇಗೆ? ಯಾರ ಕೇಡಿನಿಂದ ಅವನ ನೆರೆಯವನು ನಿರ್ಭೀತನಾಗಿಲ್ಲವೋ ಅವನು ವಿಶ್ವಾಸಿಯಲ್ಲ ಎಂದು ಪ್ರವಾದಿಯವರು(ಸ) ಮೂರು ಸಲ ಆಣೆಯಿಟ್ಟು ಹೇಳಿದರೆಂದು ಬುಖಾರಿಯಲ್ಲಿದೆ. ನೆರೆಯವನ ಧರ್ಮ ಯಾವುದು, ಜಾತಿ ಯಾವುದು ಎಂದು ಅಲ್ಲಿ ಕೇಳಿಲ್ಲ. ನಮ್ಮ ವಿಶ್ವಾಸದ ಬಗ್ಗೆ ಸಾಕ್ಷಿ ಹೇಳಬೇಕಾದವನು ಪಕ್ಕದ ಮನೆಯವನು.

ಸಹೋದರರೇ, ಭಯವೇ ಅಪರಾಧವಾಗುವುದನ್ನು ನಮ್ಮ ರಾಜ್ಯ ಕಂಡಿದೆ. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜನವಸತಿಯ ಬೀದಿಯಲ್ಲಿ, ಹಾಡಹಗಲೇ ಒಬ್ಬ ಯುವಕನನ್ನು ಜನ ಹಿಡಿದರು. ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದವನು, ವಯಸ್ಸು 26. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಆಗ ಮೊಬೈಲುಗಳಲ್ಲಿ ಹರಿದಾಡುತ್ತಿತ್ತು. ಅವನನ್ನು ಕಟ್ಟಿ, ಎಳೆದಾಡಿ ಹೊಡೆದರು. ಪೊಲೀಸರು ಬಿಡಿಸಿಕೊಂಡರೂ ಪ್ರಾಣ ಉಳಿಯಲಿಲ್ಲ. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ.

ಎರಡು ತಿಂಗಳೂ ಕಳೆದಿರಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು ಜೀವ ಹೋಯಿತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟಕ್ಕೇ ಸಂಶಯ ಹುಟ್ಟಿತು. ಅವರ ಕಾರಿಗಿಂತ ಮುಂಚೆ ವಾಟ್ಸ್ಆ್ಯಪ್ ವಿಡಿಯೋ ಮುಂದಿನ ಊರು ತಲುಪಿತ್ತು. ಅಲ್ಲಿ ಗುಂಪು ಸೇರಿ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಕೊಂದಿತು. ಉಳಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಮುರ್ಕಿಯಲ್ಲಿ ಸತ್ತವನು ಮುಸ್ಲಿಮ್. ಅದಕ್ಕಾಗಿ ಮಾತ್ರ ಮರುಗಿ, ಚಾಮರಾಜಪೇಟೆಯಲ್ಲಿ ಸತ್ತವನನ್ನು ಮರೆತರೆ ನಾವು ನ್ಯಾಯವಂತರಲ್ಲ.

ಬೆಂಗಳೂರು, ಬೀದರ್ ನಮಗೆ ದೂರ ಎನ್ನಬೇಡಿ. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸೀಮೆಯಿಂದ ಮಳೆ ಕೈಕೊಟ್ಟ ವರ್ಷ ಎಷ್ಟು ಕುಟುಂಬಗಳು ಗುಳೆ ಹೋಗುತ್ತವೆ! ಕಟ್ಟಡದ ಕೆಲಸಕ್ಕೆ ಬೆಂಗಳೂರು, ಕಾಫಿ ತೋಟಕ್ಕೆ ಮಲೆನಾಡು. ಅಲ್ಲಿನ ಬೀದಿಯಲ್ಲಿ ವಿಳಾಸ ಕೇಳುತ್ತಾ ನಿಂತ ಅಪರಿಚಿತ ಯಾರು? ನಮ್ಮ ಮಗ, ನಮ್ಮ ಅಳಿಯ, ನಮ್ಮ ತಮ್ಮ. ಅಲ್ಲಿಯವರು ಅವನನ್ನು ಹೇಗೆ ಕಾಣಲಿ ಎಂದು ಬಯಸುತ್ತೇವೆಯೋ ಹಾಗೆಯೇ ನಮ್ಮ ಬೀದಿಗೆ ಬಂದವನನ್ನು ನಾವು ಕಾಣಬೇಕು.

ದುಷ್ಟನು ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಿದರೆ, ಅರಿಯದೆ ಒಂದು ಜನಸಮೂಹಕ್ಕೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತೆಂದು ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಫಾರ್ವರ್ಡ್ ಒತ್ತುವ ಬೆರಳಿಗೂ ಈ ಆಜ್ಞೆ ಅನ್ವಯಿಸುತ್ತದೆ.

ಪ್ರವಾದಿಯವರ(ಸ) ಮಾದರಿ ನೋಡಿ. ಒಂದು ರಾತ್ರಿ ಮದೀನಾದಲ್ಲಿ ದೊಡ್ಡ ಸದ್ದು ಕೇಳಿ ಜನ ಹೆದರಿದರು. ಅವರು ಹೊರಟು ಸದ್ದಿನ ಕಡೆ ಹೋಗುವಷ್ಟರಲ್ಲಿ ಪ್ರವಾದಿಯವರು(ಸ) ಅಬೂ ತಲ್‌ಹಾರ ಕುದುರೆಯನ್ನು ಜೀನಿಲ್ಲದೆಯೇ ಏರಿ, ಹೋಗಿ ನೋಡಿ, ಹಿಂದಿರುಗಿ ಬರುತ್ತಿದ್ದರು. ಹೆದರಬೇಡಿ ಎಂದು ಜನರಿಗೆ ಧೈರ್ಯ ಹೇಳಿದರು. ಅವರು ಭಯವನ್ನು ಹಂಚಲಿಲ್ಲ, ಮನೆಯೊಳಗೂ ಕೂರಲಿಲ್ಲ. ಮೊದಲು ಹೋಗಿ ಕಣ್ಣಾರೆ ಕಂಡರು, ಆಮೇಲೆ ಮಾತಾಡಿದರು. ಇದೇ ಕಾವಲು.

ಹಾಗೆಂದು ಅಪರಾಧವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಪ್ರಕಾರ 2023ರಲ್ಲಿ ದೇಶದಲ್ಲಿ 86,420 ಸೈಬರ್ ಅಪರಾಧ ಪ್ರಕರಣಗಳು ದಾಖಲಾದವು. ಅದರಲ್ಲಿ 21,889 ನಮ್ಮ ಕರ್ನಾಟಕದವೇ. ಆ ವರ್ಷ ಬೇರೆ ಯಾವ ರಾಜ್ಯದಲ್ಲೂ ಇಷ್ಟಿರಲಿಲ್ಲ. ಬೀದಿಯಲ್ಲಿ ಹೊಸ ಮುಖ ಕಂಡರೆ ಬೆಚ್ಚುತ್ತೇವೆ, ಫೋನಿನಲ್ಲಿ ಬಂದ ಹೊಸ ದನಿಗೆ ಒಟಿಪಿ ಹೇಳಿಬಿಡುತ್ತೇವೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಕಳ್ಳನಿಗೆ ಮುಂದಿನ ಮನೆಯ ದಾರಿ ತೋರಿಸಿದಂತೆ.

ಇನ್ನು ನಾವು ಮಾಡಬೇಕಾದುದು. ಗುಳೆ ಹೋದವರ ಬೀಗ ಹಾಕಿದ ಮನೆ ಉಳಿದವರ ಕೈಯಲ್ಲಿರುವ ಅಮಾನತ್ತು. ಆ ಮನೆ ಮುಸ್ಲಿಮರದಾಗಲಿ, ಬೇರೆಯವರದಾಗಲಿ, ಸಂಜೆ ಒಮ್ಮೆ ಅದರ ಬಾಗಿಲ ಕಡೆ ಕಣ್ಣು ಹಾಯಿಸಿ. ಹೋಗುವವರು ಒಡವೆಗಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ನೆರೆಯವರಿಗೂ ಠಾಣೆಗೂ ತಿಳಿಸಿ ಹೋಗಿ.

ಅಪರಿಚಿತರು ಕಂಡರೆ ಸಲಾಮಿನಿಂದಲೋ ನಮಸ್ಕಾರದಿಂದಲೋ ಮಾತನಾಡಿಸಿ, ಯಾರ ಮನೆ ಬೇಕಿತ್ತು ಎಂದು ಕೇಳಿ. ಸಂಶಯ ಉಳಿದರೆ 112ಕ್ಕೆ ತಿಳಿಸಿ. ಕೈ ಎತ್ತುವ ಅಧಿಕಾರ ನಮಗಿಲ್ಲ. ಗುಂಪಿನಲ್ಲಿ ಹೊಡೆದರೆ ಯಾರಿಗೂ ಗೊತ್ತಾಗದು ಎಂಬ ಧೈರ್ಯ ಬೇಡ. ಅಲ್ಲಾಹನ ಮುಂದೆ ಪ್ರತಿಯೊಬ್ಬನೂ ಒಂಟಿಯಾಗಿಯೇ ನಿಲ್ಲಬೇಕು. 2017ರಿಂದ ನಮ್ಮ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆಯಿದೆ. ಅದರಲ್ಲಿ ಪ್ರತಿ ಗಸ್ತಿಗೂ ಒಬ್ಬ ನಿಗದಿತ ಪೊಲೀಸರು ಇರುತ್ತಾರೆ, ಊರಿನವರೂ ಸದಸ್ಯರಾಗುತ್ತಾರೆ. ನಮ್ಮ ಬೀದಿಯ ಗಸ್ತಿನವರು ಯಾರೆಂದು ಎಷ್ಟು ಮಂದಿಗೆ ಗೊತ್ತು? ತಿಳಿದುಕೊಳ್ಳಿ, ಆ ಸಭೆಗಳಿಗೆ ಹೋಗಿ.

ಕೊನೆಯದು ಕಷ್ಟದ ಮಾತು. ತಪ್ಪು ಮಾಡಿದವನು ನಮ್ಮ ಹುಡುಗನೇ ಆದರೆ? ದೊಡ್ಡ ಮನೆತನದ ಒಬ್ಬಾಕೆ ಕದ್ದಾಗ ಶಿಫಾರಸು ತಂದವರಿಗೆ ಪ್ರವಾದಿಯವರು(ಸ) ಏನು ಹೇಳಿದರು? ತಮ್ಮ ಮಗಳು ಫಾತಿಮಾ ಕದ್ದರೂ ಶಿಕ್ಷೆ ತಪ್ಪದು ಎಂದರು. ನಮ್ಮವನೆಂದು ಮುಚ್ಚಿಹಾಕುವುದು ಅವನಿಗೂ ಅನ್ಯಾಯ, ಮೊಹಲ್ಲಾಕ್ಕೂ ಅನ್ಯಾಯ. ರಾತ್ರಿ ತಡವಾಗಿ ಬರುವ ಮಗನನ್ನು ತಂದೆ ಇಂದೇ ಕೂರಿಸಿಕೊಂಡು ಕೇಳಲಿ. ನಾಳೆ ಠಾಣೆಯಲ್ಲಿ ಬೇರೆಯವರು ಕೇಳುವಂತಾಗಬಾರದು.

ಅಲ್ಲಾಹನು ನಮ್ಮ ಊರನ್ನು ನಿರ್ಭಯದ ಊರನ್ನಾಗಿ ಮಾಡಲಿ. ದುಡಿಯಲು ದೂರ ಹೋದವರನ್ನು ಕ್ಷೇಮವಾಗಿ ಮನೆಗೆ ತಲುಪಿಸಲಿ. ನಮ್ಮ ಕೈಯಿಂದ, ನಾಲಗೆಯಿಂದ ಯಾವ ನೆರೆಯವನೂ ನೋಯದಂತೆ ನಮ್ಮನ್ನು ಕಾಪಾಡಲಿ. ಆಮೀನ್.