ಶರೀರದೊಳಗಣ ಪಾಠಶಾಲೆ
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮನೆಗೆ ಕಾವಲುಗಾರನು ಬೇಕು. ಆದರೆ ಅವನು ಮನೆಯವರ ಮೇಲೆಯೇ ಕೈಯೆತ್ತಿದರೆ ಗತಿಯೇನು? ಬೇಲಿಯೇ ಎದ್ದು ಹೊಲ ಮೇಯುವ ಈ ವಿಪತ್ತು ನಮ್ಮ ಶರೀರದಲ್ಲಿಯೂ ಸಂಭವಿಸುವುದುಂಟು. ಅದನ್ನು ತಡೆಯುವ ಏರ್ಪಾಡನ್ನು ಕುರಿತು ನಾಲ್ಕು ಮಾತುಗಳನ್ನಾಡುತ್ತೇನೆ.

ಬಿಳಿಯ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುತ್ತವೆಂಬುದನ್ನು ಮಕ್ಕಳು ಓದಿದ್ದಾರೆ. ಇವುಗಳಲ್ಲಿ ‘ಟಿ’ ಕಣಗಳೆಂಬವು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಶಿಕ್ಷಣ ಪಡೆಯುತ್ತವೆ. ಈ ಗ್ರಂಥಿಯ ಮಹತ್ವವನ್ನು 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು.

ಅಲ್ಲಿಯ ಪರೀಕ್ಷೆ ಬಹು ಕಠಿನವಾದುದು. ಶರೀರದ ನಾನಾ ಅಂಗಗಳ ಪ್ರೋಟೀನುಗಳ ಮಾದರಿಗಳನ್ನು ಗ್ರಂಥಿಯು ತಾನೇ ತಯಾರಿಸಿ ಎಳೆಯ ಕಣಗಳ ಮುಂದಿಡುತ್ತದೆ. ಗುರುತಿಸುವ ಶಕ್ತಿಯೇ ಇಲ್ಲದ ಕಣಗಳು ಸಾಯುತ್ತವೆ. ಸ್ವಂತ ಅಂಗಗಳ ಮೇಲೆ ಉಗ್ರವಾಗಿ ಎರಗುವವೂ ಸಾಯುತ್ತವೆ. ನೂರಕ್ಕೆ ಸುಮಾರು 95 ಕಣಗಳು ಅಲ್ಲಿಯೇ ನಾಶವಾಗುತ್ತವೆ. ಆದರೆ ತನ್ನದನ್ನು ಚೆನ್ನಾಗಿ ಗುರುತಿಸಿಯೂ ಆ ಅತಿರೇಕಕ್ಕೆ ಹೋಗದ ಕೆಲವು ಕಣಗಳಲ್ಲಿ ಫಾಕ್ಸ್‌ಪಿ-3 ಎಂಬ ವಂಶವಾಹಿಯು ಎಚ್ಚರಗೊಳ್ಳುತ್ತದೆ. ಇವೇ ನಿಯಂತ್ರಕ ಕಣಗಳು. ಪರೀಕ್ಷೆಯಲ್ಲಿ ಕಣ್ತಪ್ಪಿಸಿ ಹೊರಬಿದ್ದ ಪುಂಡ ಕಣಗಳನ್ನು ಅಂಕೆಯಲ್ಲಿಡುವುದು ಇವುಗಳ ಕಾಯಕ.

ಜಪಾನಿನ ಶಿಮೋನ್ ಸಕಾಗುಚಿಯವರು, ಹುಟ್ಟಿದ ಮೂರನೆಯ ದಿನ ಥೈಮಸನ್ನು ತೆಗೆದ ಇಲಿಗಳನ್ನು ಪರಿಶೀಲಿಸಿದರು. ರಕ್ಷಣಾಶಕ್ತಿಯು ಕುಗ್ಗುವುದಕ್ಕೆ ಬದಲಾಗಿ ಕೆರಳಿ, ಸ್ವಂತ ಅಂಗಗಳನ್ನೇ ಕೆಡಿಸಿತು. ಆರೋಗ್ಯವುಳ್ಳ ಇಲಿಗಳ ಟಿ ಕಣಗಳನ್ನು ಕೊಟ್ಟಾಗ ಕೇಡು ತಪ್ಪಿತು. 1995ರಲ್ಲಿ ಅವರು ನಿಯಂತ್ರಕ ಕಣಗಳನ್ನು ಗುರುತಿಸಿದರು. 2001ರಲ್ಲಿ ಅಮೇರಿಕದ ಮೇರಿ ಬ್ರಂಕೋ ಹಾಗೂ ಫ್ರೆಡ್ ರಾಮ್ಸ್‌ಡೆಲ್ ಇವರು ಆ ವಂಶವಾಹಿಯನ್ನು ಪತ್ತೆಹಚ್ಚಿದರು. ಅದು ಕೆಟ್ಟರೆ ಎಳೆಯ ಗಂಡುಮಕ್ಕಳಲ್ಲಿ ಕರುಳು, ಚರ್ಮ, ಮೇದೋಜೀರಕ ಗ್ರಂಥಿ ಇವುಗಳನ್ನು ಕೆಡಿಸುವ ಘೋರವಾದ ಅಪರೂಪದ ರೋಗವುಂಟಾಗುತ್ತದೆ. ಈ ಮೂವರಿಗೂ 2025ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಥೈಮಸ್ ಚುರುಕಾಗಿ ದುಡಿಯುವುದು ಬಾಲ್ಯದಲ್ಲಿಯೇ. ಪ್ರಾಯ ಬಂದ ಮೇಲೆ ಅದು ಕ್ರಮೇಣ ಕುಗ್ಗುತ್ತದೆ. ಆದರೆ ಪುಷ್ಟಿಯಿಲ್ಲದ ಮಗುವಿನಲ್ಲಿ ಅದು ಕಾಲಕ್ಕೆ ಮೊದಲೇ ಸೊರಗುತ್ತದೆ. ಆದುದರಿಂದ ಬರಿಯ ಗಂಜಿಯುಂಡು ಮಕ್ಕಳು ಶಾಲೆಗೆ ಬರುವಂತಾಗದಿರಲಿ. ಬೇಳೆ, ಸೊಪ್ಪು, ಹಾಲು, ಮೀನು, ಮೊಟ್ಟೆ ಇವುಗಳಲ್ಲಿ ನಿಮ್ಮ ಮನೆಯ ಪದ್ಧತಿಗೆ ಒಗ್ಗಿದುದನ್ನು ಪ್ರತಿದಿನವೂ ಬಡಿಸಿರಿ. ನಮ್ಮ ಈ ಮೀಂಜದ ಶಾಲೆಗೆ ಬರುವ ಮೊದಲೇ ಮಗುವಿನ ಎದೆಯೊಳಗೆ ಇನ್ನೊಂದು ಶಾಲೆಯು ತೆರೆದಿರುತ್ತದೆ. ಅದರ ಪಾಲನೆ ನಿಮ್ಮ ಕೈಯಲ್ಲಿದೆ.

ವಿದ್ಯಾರ್ಥಿಗಳೇ, ಹೋರಾಡುವ ಬಲದೊಂದಿಗೆ ಅದನ್ನು ತಡೆದುಕೊಳ್ಳುವ ವಿವೇಕವೂ ಸೇರಿದಾಗಲೇ ಶರೀರಕ್ಕೆ ಸ್ವಾಸ್ಥ್ಯ. ಶಾಲೆಗೂ ಊರಿಗೂ ಈ ಮಾತು ಸಲ್ಲುತ್ತದೆ. ನಿಮಗೆಲ್ಲ ಶುಭವಾಗಲಿ.